ಈ ಕೋರ್ಟಿಗೆ ಬರೋದಿಲ್ಲ

ಅಲ್ಲ ಟೈಲರಮ್ಮ, ನೀವೇ ಹೇಳಿ, ಇದರಲ್ಲಿ ನನ್ನದೇನು ತಪ್ಪು? ... ಹ್ಞಾ, ಹೇಳೋಕಾಗಲ್ಲ, ಬಾಯಿ ತುಂಬ ಗುಂಡುಸೂಜಿ. ಬೇಡ ಬೇಡ, ಅವಸರದಲ್ಲಿ ತೆಗೀಬೇಡಿ, ಒಂದು ಹೋಗಿ ಇನ್ನೊಂದಾದೀತು. ನೀವು ನಿಮ್ಮ ಕೆಲಸ ನೋಡಿ, ಮಾತು ನನ್ನ ಪಾಲಿಗಿರಲಿ. ಕೈ ಎತ್ತಬೇಕಾ? ಇಷ್ಟು ಸಾಕಾ? ಸರಿ. ಕೋಟಿನ ಅಸ್ತರು ಹರಿದು ಜೋತುಬಿದ್ದು ಎಂಟು ತಿಂಗಳಾಯ್ತು, ಇವತ್ತೇ ಯಾಕೆ ನೆನಪಾಯ್ತು ಈ ಮನುಷ್ಯನಿಗೆ ಅಂತ ನೋಡ್ತಿದೀರಿ. ನಾಳೆ ಬೇಕು, ಅದಕ್ಕೆ. ಮೂವತ್ತಮೂರು ವರ್ಷದಿಂದ ಕೋರ್ಟಿನಲ್ಲಿ ಅರ್ಜಿ ತಗೊಳ್ಳೋ ಕೌಂಟರಿನ ಹಿಂದೆ ಕೂತಿದೀನಿ. ಅಲ್ಲಿ ಕೂತೋನ ಕೋಟು ಎಲ್ಲಿ ಹರಿದಿದೆ ಅಂತ ಯಾರೂ ನೋಡಲ್ಲ. ನಾಳೆ ಹಾಗಲ್ಲ, ಕೋರ್ಟ್ ಹಾಲ್ ಒಳಗೆ ಹೋಗಿ ನ್ಯಾಯಾಧೀಶರ ಮುಂದೆ ನಿಲ್ಲಬೇಕು. ಯಾವ ಕೇಸಿಗೆ ಅಂತ ಬಿಡಿಸಿ ಹೇಳಬೇಕಾ? ನಿಮ್ಮದಕ್ಕೇ.

ಅಯ್ಯೋ, ಅದನ್ನ ಮಾತಾಡೋಕೇ ಬಂದೆ ಅಂದ್ಕೋಬೇಡಿ ಮತ್ತೆ. ಕೋಟು ಹೊಲಿಸೋಕೆ ಬಂದೆ, ಅಷ್ಟೇ. ಬಸ್ ಸ್ಟ್ಯಾಂಡ್ ಹತ್ರ ಇನ್ನಿಬ್ಬರು ಟೈಲರ್ ಇದಾರೆ, ಹೌದು. ಆದರೆ ಇಪ್ಪತ್ತು ವರ್ಷದಿಂದ ನಮ್ಮ ಮನೆ ಬಟ್ಟೆಗೆಲ್ಲ ನಿಮ್ಮ ಕೈಯೇ ಅಲ್ವಾ ಬಿದ್ದಿರೋದು. ಮಗಳ ಯೂನಿಫಾರ್ಮ್ ಹೊಲಿದೋರು ನೀವು. ಬೆಳೆಯೋ ಹುಡುಗಿ ಅಂತ ಪ್ರತಿ ವರ್ಷ ಎರಡಿಂಚು ಬಟ್ಟೆ ಒಳಗೆ ಮಡಿಸಿ ಬಿಡ್ತಿದ್ರಿ. ಈಗ ಅದೇ ಸ್ಕೂಲಲ್ಲಿ ಅವಳೇ ಟೀಚರು... ಇರಲಿ. ಅವಳ ಮಾತು ಯಾಕೆ ಈಗ.

ನಾನು ಹೇಳೋಕೆ ಹೊರಟಿದ್ದು ಏನಪ್ಪಾ ಅಂದರೆ, ನಿಮಗೆ ಆಗಿರೋ ಸಂಕಟ ನನಗೆ ಅರ್ಥ ಆಗುತ್ತೆ. ವಾರ್ಡು ಚುನಾವಣೆಯಲ್ಲಿ ಬರೀ ಮೂವತ್ತೆಂಟು ವೋಟಿಗೆ ಸೋಲೋದು ಅಂದರೆ! ಈ ಓಣಿಯ ಎಂಟು ಹತ್ತು ಮನೆ ಸೇರಿದರೆ ಅಷ್ಟಾಗುತ್ತೆ. ನಿಮ್ಮ ಬಾಚಣಿಗೆ ಗುರುತಿಗಿಂತ ಆ ಸಿಮೆಂಟ್ ಅಂಗಡಿಯವರ ಬೀಗದ ಗುರುತಿಗೆ ಮೂವತ್ತೆಂಟು ಜಾಸ್ತಿ. ಅವರು ನೋಡಿ, ಮಾರನೇ ದಿನವೇ ವಾರ್ಡಿನ ಸದಸ್ಯರು ಅಂತ ಬೋರ್ಡು ಬರೆಸಿ ಅಂಗಡಿ ಮುಂದೆ ನೇತುಹಾಕಿದ್ರು, ಬಣ್ಣ ಇನ್ನೂ ಒಣಗಿರಲಿಲ್ಲ. ಎಣಿಕೆ ಹಾಲಲ್ಲಿ ನಿಮ್ಮ ಏಜೆಂಟಾಗಿ ಕೂತಿದ್ದ ನಿಮ್ಮ ಮೈದುನ ತನ್ನ ನೋಟ್‌ಬುಕ್ಕಲ್ಲಿ ಗೀಟು ಹಾಕ್ಕೊಂಡಿದ್ದರಂತೆ. ಆರನೇ ಟೇಬಲ್ಲಿನ ಲೆಕ್ಕ ಅವರ ಗೀಟಿಗೂ ಅಧಿಕಾರಿಗಳ ಕಾಗದಕ್ಕೂ ತಾಳೆ ಆಗಲಿಲ್ಲವಂತೆ. ಇನ್ನೊಂದು ಸಲ ಎಣಿಸಿ ಅಂತ ಕೇಳಿದ್ರಿ, ಚುನಾವಣಾಧಿಕಾರಿ ಆಗಲ್ಲ ಅಂದ್ರು. ಎಲ್ಲ ನಿಮ್ಮ ಅರ್ಜಿಯಲ್ಲಿದೆ, ಓದಿದೀನಿ. ಕೋರ್ಟಿನ ಮೆಟ್ಟಿಲ ಕೆಳಗಿನ ಟೈಪಿಸ್ಟ್ ಹತ್ರ ಮಾಡಿಸಿದ್ದು ಅಲ್ವಾ? ಅಂಚು ಸರಿಯಾಗಿ ಬಿಟ್ಟಿದಾನೆ, ಪುಟದ ನಂಬರೂ ಹಾಕಿದಾನೆ. ಒಳ್ಳೆ ಅರ್ಜಿ.

ಆದರೆ ಕೋರ್ಟಿಗೆ ಬರೀ ಒಳ್ಳೆ ಅರ್ಜಿ ಸಾಲದು ತಾಯಿ. ಮೊದಲು ಎರಡು ಪ್ರಶ್ನೆ. ದಿನ ಮೀರಿದೆಯಾ? ಫಲಿತಾಂಶ ಹೇಳಿದ ದಿನದಿಂದ ಮೂವತ್ತು ದಿನ, ಅಷ್ಟೆ. ಆಮೇಲೆ, ಇದನ್ನ ವಿಚಾರಿಸೋ ಅಧಿಕಾರ ಈ ಕೋರ್ಟಿಗೆ ಇದೆಯಾ? ... ನಿಮಗೆ ಗೊತ್ತಾಗೋ ಹಾಗೆ ಹೇಳ್ತೀನಿ. ಯಾರೋ ಬಂದು ಹತ್ತಿ ತುಂಬಿ ಹಾಸಿಗೆ ಹೊಲಿದು ಕೊಡಿ ಅಂದರೆ ಏನಂತೀರಿ? ಹೊಲಿಗೆ ಹೊಲಿಗೆಯೇ, ಸೂಜಿ ದಾರ ಅವೇ, ಆದರೂ ನಮ್ಮಲ್ಲಿ ಆಗಲ್ಲಪ್ಪ, ಆ ಕಡೆ ಹೋಗಿ ಅಂತೀರಿ. ವ್ಯಾಪ್ತಿ ಅನ್ನೋದು ಅದೇ. ಆಸ್ತಿ ವ್ಯಾಜ್ಯ ಒಂದು ಕೋರ್ಟಿಗೆ, ಗಂಡ ಹೆಂಡತಿ ಜಗಳ ಒಂದು ಕೋರ್ಟಿಗೆ, ವೋಟು ಎಣಿಸಿದ್ದು ಸರಿ ಇಲ್ಲ ಅನ್ನೋದು ಇನ್ನೊಂದಕ್ಕೆ. ತಪ್ಪು ಬಾಗಿಲು ತಟ್ಟಿದರೆ ಒಳಗಿರೋರು ಎಷ್ಟೇ ಒಳ್ಳೆಯವರಾದ್ರೂ ತೆಗೆಯೋ ಹಾಗಿಲ್ಲ.

ಅದಕ್ಕೇ ವಕೀಲರೆಲ್ಲ ನನಗೆ ವಾಪಸ್ಸಪ್ಪ ಅಂತ ಹೆಸರಿಟ್ಟಿದಾರೆ. ಗೊತ್ತಾ ನಿಮಗೆ? ಎದುರಿಗೆ ಸಾರ್ ಸಾರ್ ಅಂತಾರೆ, ಬೆನ್ನ ಹಿಂದೆ ವಾಪಸ್ಸಪ್ಪ. ಸ್ಟಾಂಪ್ ಕಡಿಮೆ, ವಾಪಸ್. ಸಹಿ ಇಲ್ಲ, ವಾಪಸ್. ಮೂರನೇ ಪುಟ ತಲೆಕೆಳಗಾಗಿದೆ, ವಾಪಸ್. ಒಂದು ಸಲ ಒಬ್ಬ ದೊಡ್ಡ ವಕೀಲರ ಅರ್ಜಿ ನಾಲ್ಕು ಸಲ ವಾಪಸ್ ಕಳಿಸಿದೆ. ಐದನೇ ಸಲ ಅವರೇ ಕಾರಿಂದ ಇಳಿದು ಬಂದು ಕೌಂಟರಿನ ಮುಂದೆ ನಿಂತು ನಕ್ಕರು. ನನಗೆ ಹೆಮ್ಮೆಯೇ ಅದು. ಯಾರ ಮುಖ ನೋಡಿಯೂ ಕೆಲಸ ಮಾಡಿದೋನಲ್ಲ ನಾನು.

ಯಾಕೆ ನಗ್ತೀರಿ? ಸೂಜಿ ಇದ್ರೂ ನಗು ಕಾಣುತ್ತೆ ನನಗೆ.

ಸರಿ, ವಿಷಯಕ್ಕೆ ಬರ್ತೀನಿ. ನಿಮ್ಮ ಅರ್ಜಿಗೆ ನಾನು ಮೊಹರು ಒತ್ತಿದ್ದು ಮೂವತ್ತೊಂದನೇ ದಿನ. ಒಂದು ದಿನ ತಡ. ನಾಳೆ ನ್ಯಾಯಾಧೀಶರು ಮೊದಲು ಕೇಳೋದೇ ಅದನ್ನ. ಒಂದು ದಿನದ ತಡವನ್ನ ಅವರು ಮನ್ನಿಸಿದರೆ ಮತಪತ್ರದ ಪೆಟ್ಟಿಗೆ ಕೋರ್ಟಿಗೆ ಬರುತ್ತೆ, ಎಣಿಕೆ ಮತ್ತೆ ಆಗುತ್ತೆ. ಮನ್ನಿಸದೆ ಹೋದರೆ ಪೆಟ್ಟಿಗೆ ಎಲ್ಲಿದೆಯೋ ಅಲ್ಲೇ, ಆರು ತಿಂಗಳಾದ ಮೇಲೆ ಸುಟ್ಟು ಹಾಕ್ತಾರೆ. ನೀವು ಏನು ಬರೆದಿದೀರಿ? ನಾನು ಇಪ್ಪತ್ತೇಳನೇ ದಿನವೇ ಈ ಕೋರ್ಟಿಗೆ ಬಂದಿದ್ದೆ, ಕೌಂಟರಿನವರು ಇದು ಈ ಕೋರ್ಟಿಗೆ ಬರೋದಿಲ್ಲ, ನ್ಯಾಯಮಂಡಳಿಗೆ ಹೋಗಿ ಅಂದ್ರು. ಅಲ್ಲಿಗೆ ಹೋದರೆ ಮೂರು ದಿನ ಇಟ್ಕೊಂಡು, ನಮ್ಮ ಅಧಿಕಾರ ತೆಗೆದುಹಾಕಿ ಎರಡು ತಿಂಗಳಾಯ್ತು, ಮೊದಲು ಹೋದ ಕಡೆಗೇ ಹೋಗಿ ಅಂದ್ರು. ಹೀಗೆ ಅಂತ ಬರೆದಿದೀರಿ. ಕೌಂಟರಿನವರು ಅಂದರೆ ನಾನು. ನನ್ನನ್ನ ಕರೆದು ಕೇಳ್ತಾರೆ, ಇವರು ಇಪ್ಪತ್ತೇಳನೇ ದಿನ ಬಂದಿದ್ದು ನಿಜವಾ ಅಂತ. ರಿಜಿಸ್ಟರಿನಲ್ಲಂತೂ ಇಲ್ಲ. ನನಗೂ... ನಿಜ ಹೇಳಬೇಕಂದ್ರೆ, ನನಗೆ ನೆನಪಿಲ್ಲ.

ನೆನಪಿಲ್ಲ ಟೈಲರಮ್ಮ. ಹಾಗೆ ನೋಡಿದರೆ ನಾನೇನು ಮಾಡಲಿ? ದಿನಕ್ಕೆ ಎಂಬತ್ತು ಜನ ಬರ್ತಾರೆ ಕೌಂಟರಿಗೆ. ಒಬ್ಬೊಬ್ಬರ ಮುಖ ಇಟ್ಕೊಂಡು ಕೂರೋಕಾಗುತ್ತಾ? ನೀವು ಬಂದಿದ್ದೇ ಊಟದ ಬಿಡುವಿಗೆ ಹತ್ತು ನಿಮಿಷ ಇರುವಾಗ, ಕಿಟಕಿ ಮುಂದೆ ಆ ಟ್ರಾಕ್ಟರ್ ಕೇಸಿನೋರ ಗಲಾಟೆ ಬೇರೆ, ನೀವು ಹಸಿರು ಫೈಲನ್ನ ಎದೆಗವಚಿಕೊಂಡು ಅವರ ಹಿಂದೆ ಪಾಪ ನಿಂತೇ ಇದ್ರಿ, ನಿಮ್ಮ ಮೈದುನ ಹೊರಗೆ ಟೀ ಕುಡೀತಿದ್ರು...

ಹ್ಞೂ. ... ಅದು, ಅದು ಮೂವತ್ತೊಂದನೇ ದಿನದ್ದಿರಬೇಕು.

ಇಲ್ಲ, ಮೂವತ್ತೊಂದನೇ ದಿನ ನೀವು ಬೆಳಿಗ್ಗೆ ಬಾಗಿಲು ತೆಗೆಯುವಾಗಲೇ ಬಂದಿದ್ರಿ. ಒಬ್ಬರೇ ಬಂದಿದ್ರಿ. ಮೈದುನ ಇರಲಿಲ್ಲ.

ಸರಿ ಬಿಡಿ. ಬಂದಿದ್ರಿ. ಇಪ್ಪತ್ತೇಳನೇ ದಿನ ಬಂದಿದ್ರಿ, ಒಪ್ಕೊಂಡೆ, ಆಯ್ತಾ? ನಿಮ್ಮ ಹತ್ರ ಒಪ್ಕೊಂಡರೆ ನನ್ನ ಗಂಟೇನು ಹೋಗುತ್ತೆ. ಈ ಕೋಟು ಬಿಚ್ಚಲಾ? ತಗೊಳ್ಳಿ. ಹುಷಾರು, ಒಳಜೇಬಲ್ಲಿ ಕನ್ನಡಕ ಇದೆ. ನಾನು ಈ ಸ್ಟೂಲ್ ಮೇಲೆ ಕೂತ್ಕೋತೀನಿ. ಕೈಯಲ್ಲೇ ಹೊಲೀತೀರಾ ಅಸ್ತರನ್ನ? ಮೆಷಿನ್ ಬೇಡವಾ? ಹೌದಾ, ನಿಮಗೆ ಗೊತ್ತು.

ಬಂದಿದ್ದಾಯ್ತು, ನಾನು ಅರ್ಜಿ ಓದಿದ್ದಾಯ್ತು, ಈ ಕೋರ್ಟಿಗೆ ಬರೋದಿಲ್ಲ ಅಂತ ಹೇಳಿದ್ದಾಯ್ತು. ನನಗೆ ತಿಳಿದಿದ್ದನ್ನ ಹೇಳಿದೆ. ಮೊದಲಿಂದಲೂ ವಾರ್ಡು ಚುನಾವಣೆಯ ತಕರಾರೆಲ್ಲ ನ್ಯಾಯಮಂಡಳಿಗೇ ಹೋಗ್ತಿತ್ತು. ಮೂವತ್ತಮೂರು ವರ್ಷ ಹಾಗೇ ನಡೆದಿತ್ತು. ಎಣಿಕೆಯ ತಕರಾರು ಇನ್ನು ಮೇಲೆ ನೀವೇ ವಿಚಾರಿಸಿ ಅಂತ ನಮ್ಮ ಕೋರ್ಟಿಗೆ ಒಂದು ಸುತ್ತೋಲೆ ಬಂದರೆ ಅದು ಎಲ್ಲರ ಟೇಬಲ್ಲಿಗೂ ಬರಬೇಕಲ್ವಾ? ನನ್ನ ಟೇಬಲ್ಲಿಗೆ ಬರಲೇ ಇಲ್ಲ. ಅದರ ಮೇಲೆ ನನ್ನ ಸಹಿ ಇದೆ ಅಂತ ಯಾರಾದ್ರೂ ಹೇಳಿದರೆ ನಂಬಬೇಡಿ.

... ಯಾರೂ ಹೇಳಿಲ್ವಾ?

ಯಾರೂ ಏನೂ ಹೇಳಿಲ್ಲ ನಿಮಗೆ. ಸಹಿಯ ಮಾತು ನಿಮ್ಮ ತಲೆಯಲ್ಲೇ ಇರಲಿಲ್ಲ. ಹಾಳಾದ ಬಾಯಿ ನನ್ನದು.

ಯಾರೋ ಬಂದ್ರು ನೋಡಿ, ಬಾಗಿಲಲ್ಲಿ. ಮಾತಾಡಿ, ಮಾತಾಡಿ, ನನಗೇನು ಅವಸರ ಇಲ್ಲ. ...

ಪರದೆ ಹೊಲಿಸೋಕಾ ಅವರು? ಆರು ಕಿಟಕಿಗಾ? ಒಳ್ಳೆ ಕೆಲಸ ಸಿಕ್ತು ಬಿಡಿ. ... ಅಲ್ಲ, ಅವರ ಜೊತೆ ಚೆನ್ನಾಗೇ ಮಾತಾಡಿದ್ರಿ. ಬಟ್ಟೆ ತೊಳೆದರೆ ಕುಗ್ಗುತ್ತೆ, ನಾಲ್ಕಿಂಚು ಜಾಸ್ತಿ ತನ್ನಿ ಅಂತ ಬಿಡಿಸಿ ಬಿಡಿಸಿ ಹೇಳಿದ್ರಿ. ಬಾಯಲ್ಲಿ ಸೂಜಿ ಇಲ್ಲ ಈಗ. ಆಗಲೇ ತೆಗೆದಿಟ್ಟಿದೀರಿ. ಹಾಗಾದರೆ ನನ್ನ ಜೊತೆ ಮಾತ್ರ ಈ ಮೌನ.

ಬೈಯಿರಿ ಬೇಕಾದ್ರೆ. ಬೈದುಬಿಟ್ಟರೆ ನನಗೂ ಹಗುರ ಆಗುತ್ತೆ.

ಸುತ್ತೋಲೆ ಬಂದಿತ್ತು. ಒಂದೇ ಹಾಳೆ. ನಾನೇ ಸಹಿ ಹಾಕಿ ತಗೊಂಡು, ಓದಿ, ಡ್ರಾಯರಿನಲ್ಲಿ ಇಟ್ಟಿದ್ದೆ. ನೀವು ಬರೋಕೆ ಒಂದೂವರೆ ತಿಂಗಳ ಮೊದಲು. ಮತ್ತೂ ಒಂದು ಮಾತು ಕೇಳಿ. ನನಗೆ ಗೊತ್ತಿರಲಿ ಗೊತ್ತಿಲ್ಲದಿರಲಿ, ಕೈಗೆ ಬಂದ ಅರ್ಜಿಗೆ ಮೊಹರು ಒತ್ತಿ ನಂಬರು ಕೊಟ್ಟು, ಇದು ನಮ್ಮ ವ್ಯಾಪ್ತಿಗೆ ಬರುತ್ತಾ ದಯವಿಟ್ಟು ನೋಡಿ ಅಂತ ಒಂದು ಸಾಲು ಬರೆದು ನ್ಯಾಯಾಧೀಶರ ಮುಂದೆ ಇಡಬೇಕಿತ್ತು. ಪದ್ಧತಿ ಅದು. ಅಧಿಕಾರ ಇದೆಯೋ ಇಲ್ಲವೋ ಅಂತ ಹೇಳೋ ಅಧಿಕಾರ ಕೌಂಟರಿನಲ್ಲಿ ಕೂತೋನಿಗೆ ಇಲ್ಲವೇ ಇಲ್ಲ. ಅಂಚು ಬಿಟ್ಟಿಲ್ಲ ಅಂತ ವಾಪಸ್ ಕೊಡಬಹುದು, ಈ ಕೋರ್ಟಿಗೆ ಬರೋದಿಲ್ಲ ಅಂತ ವಾಪಸ್ ಕೊಡೋ ಹಾಗಿಲ್ಲ. ನಾನು ಬಾಯಿಮಾತಲ್ಲಿ ಕಳಿಸಿಬಿಟ್ಟೆ. ಒಂದು ಗೀಟು ಎಲ್ಲೂ ಎಳೆಯಲಿಲ್ಲ. ನೀವು ಪಾಪ ಥ್ಯಾಂಕ್ಸ್ ಹೇಳಿ ಹೋದ್ರಿ, ನ್ಯಾಯಮಂಡಳಿಗೆ ಯಾವ ಬಸ್ಸು ಅಂತ ನನ್ನನ್ನೇ ಕೇಳಿದ್ರಿ. ಬಸ್ಸಿನ ನಂಬರು ಸರಿಯಾಗೇ ಹೇಳಿದೆ.

ಹಾಗಂತ ನಿಮ್ಮ ಮೇಲೆ ನನಗೆ ಸಿಟ್ಟಿತ್ತು ಅಂದ್ಕೋಬೇಡಿ. ನಮ್ಮ ಮನೆಯ ಮೂರು ವೋಟೂ ನಿಮಗೇ ಬಿದ್ದಿದ್ದು, ಯಾವ ಆಣೆ ಬೇಕಾದ್ರೂ ಮಾಡ್ತೀನಿ. ಸ್ಕೂಲಿನ ಹುಡುಗಿಯರು ಕಕ್ಕಸಿಲ್ಲದೆ ಬೆಳಿಗ್ಗೆಯಿಂದ ನೀರೇ ಕುಡಿಯಲ್ಲ, ಗೆದ್ದರೆ ಮೊದಲು ಅದನ್ನ ಕಟ್ಟಿಸ್ತೀನಿ ಅಂತ ನೀವು ಮನೆಮನೆಗೆ ಹೋಗಿದ್ರಲ್ಲ, ಆಗ ನಮ್ಮ ಮನೆಯವಳು ನಿಮ್ಮ ಕೈ ಹಿಡ್ಕೊಂಡಿದ್ಲು. ಆ ಸಿಮೆಂಟಿನವರಿಗೆ ಸ್ಕೂಲಿನ ಹಿತ್ತಲು ಲಾರಿ ತಿರುಗಿಸೋಕೆ ಬೇಕು. ಎಲ್ಲ ಗೊತ್ತು ನನಗೆ. ಗೊತ್ತಿದ್ದೂ ಕಳಿಸಿದೆ.

ಒಂದು ಮಾತು ಕೇಳಲಾ? ತಪ್ಪು ತಿಳ್ಕೋಬಾರದು. ನಾಳೆ ನೀವೇ ಅರ್ಜಿ ವಾಪಸ್ ತಗೊಂಡುಬಿಟ್ಟರೆ? ನೀವಾಗೇ. ಮೇಡಂ ನನಗೆ ಇದು ಮುಂದುವರಿಸೋ ಶಕ್ತಿ ಇಲ್ಲ ಅಂದರೆ ಸಾಕು, ನ್ಯಾಯಾಧೀಶರು ಒಳ್ಳೆಯವರು, ಬರೆದುಕೊಂಡು ಬಿಡ್ತಾರೆ. ಯಾರನ್ನೂ ಏನೂ ಕೇಳೋ ಪ್ರಮೇಯ ಬರಲ್ಲ. ಐದು ವರ್ಷ ಅನ್ನೋದು ಕಣ್ಣು ಮುಚ್ಚಿ ತೆಗೆಯೋದರೊಳಗೆ ಹೋಗುತ್ತೆ. ಮುಂದಿನ ಸಲ ನಾನೇ ನಿಮ್ಮ ಜೊತೆ ಮನೆಮನೆಗೆ ಬರ್ತೀನಿ, ಅಷ್ಟು ಹೊತ್ತಿಗೆ ನಿವೃತ್ತಿ ಆಗಿರುತ್ತೆ, ಮಾಡೋಕೆ ಕೆಲಸವೂ ಇರಲ್ಲ...

ಬೇಡ. ಸರಿ. ಕೇಳಿದ್ದು ತಪ್ಪಾಯ್ತು.

ಹಾಗಾದರೆ ನಿಜ ಕೇಳಿ. ಹೇಳೇಬಿಡ್ತೀನಿ, ಎಷ್ಟು ದಿನ ಅಂತ ಹೊಟ್ಟೆಯಲ್ಲಿಟ್ಕೊಂಡು ತಿರುಗೋದು. ಆರನೇ ಟೇಬಲ್ಲಿನಲ್ಲಿ ಎಣಿಸೋಕೆ ಕೂತಿದ್ದು ನಮ್ಮ ಮಗಳು. ಟೀಚರುಗಳನ್ನೆಲ್ಲ ಎಣಿಕೆ ಡ್ಯೂಟಿಗೆ ಹಾಕ್ತಾರಲ್ಲ, ಅವಳನ್ನೂ ಹಾಕಿದ್ರು. ಕೆಲಸ ಇನ್ನೂ ಕಾಯಂ ಆಗಿಲ್ಲ ಅವಳದು, ಇನ್ನು ಐದು ತಿಂಗಳಿದೆ. ಎಣಿಕೆ ಹೇಗೆ ಮಾಡ್ತಾರೆ ಗೊತ್ತಾ? ಒಂದೇ ಗುರುತಿನ ಐವತ್ತು ಮತಪತ್ರ ಸೇರಿಸಿ ರಬ್ಬರ್ ಬ್ಯಾಂಡ್ ಹಾಕಿ, ಮೇಲೆ ಆ ಗುರುತಿನ ಚೀಟಿ ಸಿಗಿಸಿ, ಅದರದರ ತಟ್ಟೆಗೆ ಹಾಕೋದು. ಕೊನೆಯಲ್ಲಿ ಬಿಡಿಬಿಡಿಯಾಗಿ ಎಣಿಸಲ್ಲ, ಕಟ್ಟು ಎಣಿಸೋದು ಅಷ್ಟೆ. ಚೀಟಿಗಳನ್ನ ಮೊದಲೇ ಬರೆದು ಗುಡ್ಡೆ ಹಾಕಿ ಇಟ್ಕೋಬಾರದು, ಒಂದು ಕಟ್ಟು ಮುಗಿದ ಮೇಲೆ ಒಂದು ಚೀಟಿ ಬರೀಬೇಕು ಅಂತ ನಿಯಮ. ಎಲ್ಲ ಟೇಬಲ್ಲಲ್ಲೂ ಮೊದಲೇ ಬರೆದಿಟ್ಕೊಂಡಿದ್ರು, ಬೇಗ ಆಗಲಿ ಅಂತ. ಅವಳೂ ಬರೆದಿಟ್ಕೊಂಡಿದ್ಲು. ಬಾಚಣಿಗೆಯ ಐವತ್ತರ ಕಟ್ಟಿಗೆ ಬೀಗದ ಚೀಟಿ ಸಿಗಿಸಿಬಿಟ್ಟಿದಾಳೆ. ಒಂದೇ ಒಂದು ಕಟ್ಟು. ನಿಮ್ಮ ಐವತ್ತು ವೋಟು ಪಕ್ಕದ ತಟ್ಟೆಗೆ ಹೋಯ್ತು. ನಿಮಗೆ ಐವತ್ತು ಕಡಿಮೆ, ಅವರಿಗೆ ಐವತ್ತು ಜಾಸ್ತಿ. ಲೆಕ್ಕ ಹಾಕಿ ನೀವೇ. ನೀವು ಅರವತ್ತೆರಡು ವೋಟಲ್ಲಿ ಗೆದ್ದಿದೀರಿ ಟೈಲರಮ್ಮ.

ತಾನು ಕಟ್ಟಿದ ಕಟ್ಟುಗಳ ಲೆಕ್ಕಕ್ಕೆ ನೋಡಿದರೆ ಕೈಯಲ್ಲಿ ಬೀಗದ ಚೀಟಿ ಒಂದು ಕಡಿಮೆ, ಬಾಚಣಿಗೆಯದು ಒಂದು ಜಾಸ್ತಿ ಉಳಿದಿತ್ತಂತೆ. ಟೇಬಲ್ಲು ಎತ್ತುವಾಗ ಆ ಬಾಚಣಿಗೆ ಚೀಟಿಯನ್ನ ಸುಮ್ಮನೆ ಬ್ಯಾಗಿಗೆ ಹಾಕ್ಕೊಂಡಿದಾಳೆ. ಮನೆಗೆ ಬಂದು ಬ್ಯಾಗ್ ಕೊಡವಿದಾಗ ಚೀಟಿ ಬಿತ್ತು. ನೋಡಿದ ತಕ್ಷಣ ಗೊತ್ತಾಯ್ತು ಅವಳಿಗೆ. ನನ್ನನ್ನ ಹಿತ್ತಲಿಗೆ ಕರ್ಕೊಂಡು ಹೋಗಿ ಹೇಳಿದ್ಲು. ಅತ್ತಳು ಟೈಲರಮ್ಮ. ಅಪ್ಪಾ, ನನ್ನ ಕೆಲಸ ಹೋಗುತ್ತೆ, ಯಾರಿಗೂ ಹೇಳಬೇಡ, ಹೇಗಾದ್ರೂ ಮಾಡಿ ನನ್ನ ಉಳಿಸು ಅಂತ ಬಿಕ್ಕಿ ಬಿಕ್ಕಿ ಅತ್ತಳು. ಹೆತ್ತ ಕರುಳು, ಏನು ಮಾಡಲಿ? ನೀವೂ ಮಕ್ಕಳೊಂದಿಗರು. ಅವಳಿಗಾಗಿ ಮಾಡಿದೆ. ಅವಳು ಕೇಳಿಕೊಂಡಿದ್ದಕ್ಕೆ ಮಾಡಿದೆ. ನನ್ನ ಸ್ವಂತಕ್ಕೆ ಅಂತ ಒಂದು ಹುಲ್ಲುಕಡ್ಡಿ...



ಅಲ್ಲ, ನಾನು ಈಗ ಹೇಳಿದ್ದು ಕೇಳಿಸ್ತಾ ನಿಮಗೆ? ನೀವು ಗೆದ್ದಿದೀರಿ ಅಂದೆ. ಅರವತ್ತೆರಡು ವೋಟಲ್ಲಿ. ಬೇರೆ ಯಾರಾದ್ರೂ ಆಗಿದ್ದರೆ ಎದ್ದು ನಿಂತು ಕುತ್ತಿಗೆ ಪಟ್ಟಿ ಹಿಡೀತಿದ್ರು. ನೀವು ಸೂಜಿ ಸಹ ನಿಲ್ಲಿಸಲಿಲ್ಲ. ಯಾವ ಕಟ್ಟು, ಯಾವ ಚೀಟಿ, ಅದೆಲ್ಲಿದೆ ಈಗ, ಒಂದಾದ್ರೂ ಕೇಳಬೇಕಿತ್ತಲ್ಲ. ಸುಮ್ಮನೆ ದಾರ ಎಳೀತಾ ಕೂತಿದೀರಿ.

ಗೊತ್ತಿತ್ತು ನಿಮಗೆ.

ಯಾರು ಹೇಳಿದ್ರು? ಇದು ಗೊತ್ತಿರೋದು ಇಬ್ಬರಿಗೆ. ಒಂದು ನಾನು. ನಮ್ಮ ಮನೆಯವಳಿಗೂ ಗೊತ್ತಿಲ್ಲ, ಅಪ್ಪ ಮಗಳು ಯಾಕೆ ಹೀಗೆ ಮುಖ ತಿರುಗಿಸಿಕೊಂಡಿದಾರೆ ಅಂತ ಅವಳೊಬ್ಬಳೇ ತಲೆ ಕೆಡಿಸ್ಕೊಂಡು ಓಡಾಡ್ತಿದಾಳೆ. ಚುನಾವಣಾಧಿಕಾರಿಗೆ ಗೊತ್ತಿಲ್ಲ, ನಿಮ್ಮ ಮೈದುನನಿಗೆ ಗೊತ್ತಿಲ್ಲ. ನಾನು ಬಿಟ್ಟರೆ...

ಬಂದಿದ್ದಳಾ? ಇಲ್ಲಿಗೆ?

ಯಾವಾಗ? ನಿನ್ನೆ ಸ್ಕೂಲು ಬಿಟ್ಟ ಮೇಲೆ ತಡವಾಗಿ ಬಂದ್ಲು, ಗೆಳತಿ ಮನೆಗೆ ಹೋಗಿದ್ದೆ ಅಂತ ಅಮ್ಮನ ಹತ್ರ ಹೇಳ್ತಿದ್ದಳು, ನಾನು ಕೋಣೆಯಿಂದ ಕೇಳಿಸ್ಕೊಂಡೆ. ನಿಮ್ಮ ಹತ್ರ ಬಂದಿದ್ದಳು. ಎಲ್ಲ ಹೇಳಿದಳಾ? ಎಲ್ಲ ಅಂದರೆ... ಎಲ್ಲಾನೂ?

ಹೇಳಿರ್ತಾಳೆ. ಅರ್ಧ ಹೇಳಿ ಅರ್ಧ ನುಂಗೋ ಜಾತಿ ಅಲ್ಲ ಅವಳು, ಅದು ನನ್ನ ಬುದ್ಧಿ. ಹಾಗಾದರೆ ಈಗ ನಾನು ಹೇಳಿದ್ದು, ಕೆಲಸ ಹೋಗುತ್ತೆ ಉಳಿಸು ಅಂತ ಅತ್ತಳು ಅಂದಿದ್ದು, ಅದು ಸುಳ್ಳು ಅಂತ ನಿಮಗೆ ಮೊದಲೇ ಗೊತ್ತು. ಗೊತ್ತಿದ್ದೂ ಪೂರ್ತಿ ಹೇಳೋಕೆ ಬಿಟ್ರಿ. ನನ್ನ ಮಗಳ ತಲೆಗೆ ನಾನೇ ಕಟ್ಟೋದನ್ನ ಕೂತು ನೋಡಿದ್ರಿ.

ಅತ್ತಿದ್ದು ನಿಜ. ಅದೊಂದು ನಿಜ. ಆದರೆ ಉಳಿಸು ಅಂತಲ್ಲ. ಬಿಡಪ್ಪಾ, ಈಗಲೇ ಹೋಗಿ ಹೇಳಿಬರ್ತೀನಿ ಅಂತ ಅತ್ತಳು. ಮಾರನೇ ದಿನ ಬೆಳಿಗ್ಗೆ ಏಳು ಗಂಟೆಗೆಲ್ಲ ತಲೆ ಬಾಚಿಕೊಂಡು, ಆ ಚೀಟಿ ಪರ್ಸಿನಲ್ಲಿಟ್ಕೊಂಡು ಚುನಾವಣಾಧಿಕಾರಿ ಆಫೀಸಿಗೆ ಹೊರಟಿದ್ಲು. ನಾನು ಸ್ಕೂಟರಿನ ಕೀ ಜೇಬಿಗೆ ಹಾಕ್ಕೊಂಡೆ. ನಡೆದು ಹೋಗ್ತೀನಿ ಅಂದ್ಲು. ಬಾಗಿಲಿಗೆ ಅಡ್ಡ ನಿಂತೆ. ಹೆದರಿಸಿದರೆ ಕೇಳೋಳಲ್ಲ, ಅದು ನನಗೆ ಗೊತ್ತು. ಕಾನೂನು ಹೇಳಿದೆ. ನೋಡಮ್ಮ, ಫಲಿತಾಂಶ ಘೋಷಣೆ ಆದ ಮೇಲೆ ಆ ಅಧಿಕಾರಿಗೆ ಯಾವ ಅಧಿಕಾರವೂ ಇಲ್ಲ, ಒಂದು ಕಟ್ಟನ್ನೂ ಆ ಮನುಷ್ಯ ಬಿಚ್ಚೋ ಹಾಗಿಲ್ಲ. ಇನ್ನು ಏನಿದ್ರೂ ಕೋರ್ಟು. ಸೋತೋರು ಅರ್ಜಿ ಹಾಕಬೇಕು, ಕೋರ್ಟು ನಿನ್ನ ಕರೀಬೇಕು, ಆಗ ಹೇಳು, ಆಗ ಹೇಳಿದರೆ ಬೆಲೆ. ಈಗ ಹೋದರೆ ನಿನ್ನ ಕೆಲಸವೂ ಹೋಗುತ್ತೆ, ಅವರಿಗೂ ಏನೂ ಸಿಗಲ್ಲ ಅಂದೆ. ಒಂದಕ್ಷರ ಸುಳ್ಳಿಲ್ಲ ಅದರಲ್ಲಿ, ಬೇಕಾದ್ರೆ ಯಾವ ವಕೀಲರನ್ನ ಬೇಕಾದ್ರೂ ಕೇಳಿ. ಅವಳು ನಂಬಿದಳು. ಅಪ್ಪ ಕೋರ್ಟಿನಲ್ಲಿದಾನೆ, ಅಪ್ಪನಿಗೆ ಗೊತ್ತಿರುತ್ತೆ ಅಂತ.

ಅವತ್ತಿಂದ ದಿನಾ ಸಾಯಂಕಾಲ ನಾನು ಚಪ್ಪಲಿ ಬಿಡೋದಕ್ಕಿಲ್ಲ, ಒಂದೇ ಪ್ರಶ್ನೆ. ಟೈಲರಮ್ಮ ಬಂದಿದ್ರಾ ಅಪ್ಪಾ? ಇಲ್ಲಮ್ಮ ಅಂತಿದ್ದೆ. ನೀವು ಬಂದಿರಲೂ ಇಲ್ಲ, ಇಪ್ಪತ್ತಾರು ದಿನ ನಾನು ಹೇಳಿದ್ದು ನಿಜವೇ ಆಗಿತ್ತು. ಒಳಗೊಳಗೇ ಬೇಡ್ಕೋತಿದ್ದೆ, ಬರದೇ ಇರಲಿ, ಇನ್ನು ಹತ್ತು ದಿನ, ಇನ್ನು ಆರು ದಿನ ಅಂತ. ಇಪ್ಪತ್ತೇಳನೇ ದಿನ ನೀವು ಆ ಹಸಿರು ಫೈಲು ಕೌಂಟರಿನ ಮೇಲಿಟ್ರಿ. ನಿಮ್ಮನ್ನ ಬಸ್ಸಿಗೆ ಕಳಿಸಿ ಮನೆಗೆ ಹೋದೆ. ಅವಳು ಜಗಲಿ ಮೇಲೆ ಮಕ್ಕಳ ನೋಟ್‌ಬುಕ್ ತಿದ್ದುತಾ ಕೂತಿದ್ದಳು. ತಲೆ ಎತ್ತಿ ಕೇಳಿದಳು.

ಇಲ್ಲಮ್ಮ ಅಂದೆ.

ಯಾಕೆ ಅಂದೆ ಅಂತ ನನ್ನನ್ನ ಕೇಳಬೇಡಿ. ಅವಳಿಗೋಸ್ಕರ ಅಂತ ಅಂದ್ಕೊಂಡಿದ್ದೆ. ಅವಳಿಗೇ ಬೇಡವಾಗಿದ್ದ ಮೇಲೆ ಅವಳಿಗೋಸ್ಕರ ಹೇಗಾಗುತ್ತೆ? ನನ್ನ ಮಗಳ ಹೆಸರು ಪೇಪರಿನಲ್ಲಿ ಬರುತ್ತೆ, ವಾಪಸ್ಸಪ್ಪನ ಮಗಳಿಗೆ ಐವತ್ತು ಎಣಿಸೋಕೆ ಬರಲಿಲ್ಲ ಅಂತ ಬಾರ್ ರೂಮಿನಲ್ಲಿ ವಕೀಲರೆಲ್ಲ ಕೂತು ನಗ್ತಾರೆ, ಅದನ್ನ ನನ್ನ ಕೈಲಿ ತಡ್ಕೊಳ್ಳೋಕೆ ಆಗ್ತಿರಲಿಲ್ಲ. ಇಷ್ಟೇ ಟೈಲರಮ್ಮ. ಬಗೆದು ನೋಡಿದರೆ ಒಳಗೆ ಇಷ್ಟೇ ಇದೆ.

ಮೂರು ವಾರದ ಹಿಂದೆ ಸ್ಕೂಲಲ್ಲಿ ಯಾರೋ ಹೇಳಿದ್ದಾರೆ ಅವಳಿಗೆ, ಟೈಲರಮ್ಮನ ಅರ್ಜಿ ಒಂದು ದಿನ ತಡ ಆಯ್ತಂತೆ, ಮೊದಲು ಹೋದಾಗ ಕೋರ್ಟಿನವರು ವಾಪಸ್ ಕಳಿಸಿದ್ರಂತೆ ಅಂತ. ಮನೆಗೆ ಬಂದು ನನ್ನ ಮುಖ ನೋಡಿದಳು, ಏನೂ ಕೇಳಲಿಲ್ಲ. ಅವತ್ತಿಂದ ಒಂದು ಮಾತಿಲ್ಲ ನನ್ನ ಜೊತೆ. ಊಟಕ್ಕೆ ಬರೋಕೆ ಹೇಳು ಅಂತ ಅವರಮ್ಮನ ಕೈಲಿ ಹೇಳಿಸ್ತಾಳೆ. ನಾನು ಒಳಗೆ ಬಂದರೆ ತಟ್ಟೆ ಎತ್ಕೊಂಡು ಎದ್ದು ಹೋಗ್ತಾಳೆ. ನಿಮ್ಮ ಹತ್ರ ಬಂದು ಮಾತಾಡಿದಾಳೆ. ನನ್ನ ಬಗ್ಗೆ ಏನಂದಳು? ಬೈದಳಾ? ಬೈದಿದ್ದರೆ ಪರವಾಗಿಲ್ಲ, ಹೇಳಿ.

ಸರಿ, ಅದು ನಿಮ್ಮಿಬ್ಬರ ಮಧ್ಯೆ ಇರಲಿ.

ನಾಳೆ ಹನ್ನೊಂದು ಗಂಟೆಗೆ ಕೂಗ್ತಾರೆ. ನ್ಯಾಯಾಧೀಶರು ಕನ್ನಡಕ ಮೇಲೆ ಮಾಡಿ, ಇವರು ಇಪ್ಪತ್ತೇಳನೇ ದಿನ ಬಂದಿದ್ರಾ ಅಂತ ನನ್ನನ್ನ ಕೇಳ್ತಾರೆ. ಮಗಳು ದಿನಾ ಕೇಳ್ತಿದ್ದ ಅದೇ ಪ್ರಶ್ನೆ, ನೋಡಿ. ಬಂದಿದ್ರು ಅಂದರೆ ಸುತ್ತೋಲೆ, ಡ್ರಾಯರು, ಮೂವತ್ತಮೂರು ವರ್ಷ, ಎಲ್ಲ ಹೊರಗೆ ಬರುತ್ತೆ. ಇಲ್ಲ ಅಂದರೆ ನಿಮ್ಮ ಅರ್ಜಿ ಅಲ್ಲಿಗೇ ಮುಗೀತು. ಇಲ್ಲಿಗೆ ಬರೋ ತನಕ ಇಲ್ಲ ಅನ್ನೋದು ಅಂತಲೇ ತೀರ್ಮಾನ ಮಾಡ್ಕೊಂಡಿದ್ದೆ. ಅದನ್ನ ನಿಮ್ಮ ಬಾಯಿಂದಲೇ ಸರಿ ಅನ್ನಿಸ್ಕೊಂಡು ಹೋಗೋಣ ಅಂತ ಬಂದೆ, ಕೋಟು ನೆಪ. ಮುಗೀತಾ ಹೊಲಿದು? ಕೊಡಿ... ಇಲ್ಲ, ಇಟ್ಕೊಂಡಿರಿ ಒಂದು ನಿಮಿಷ. ಒಂದು ಮಾತು ಹೇಳಿ ಸಾಕು, ಬೇರೇನೂ ಬೇಡ. ನಾಳೆ ಅವಳು ಸ್ಕೂಲಿಗೆ ರಜೆ ಹಾಕಿದಾಳೆ, ಯಾಕೆ ಅಂತ ಅವರಮ್ಮನಿಗೂ ಹೇಳಿಲ್ಲ. ನಿಮ್ಮ ಜೊತೆ ಬರ್ತಾಳಾ? ಕೋರ್ಟ್ ಹಾಲಲ್ಲಿ, ನಿಮ್ಮ ಪಕ್ಕದಲ್ಲಿ ಕೂತಿರ್ತಾಳಾ, ನನ್ನನ್ನ ಕೇಳುವಾಗ?

ಟೈಲರಮ್ಮ?

ಹ್ಞಾ, ತಲೆ ಆಡಿಸಿದ್ರಿ. ಬರ್ತಾಳೆ.